ಸೋತವನಿಗೂ ಎಡೆಯಿರುವ ರಾಜ್ಯ

ಬೈಗುಳವಾಗಿ ಬಳಸಿ ಬಳಸಿ ಅರ್ಥವನ್ನೇ ಕಳೆದುಕೊಂಡ ಶಬ್ದಗಳಲ್ಲಿ 'ಫ್ಯಾಸಿಸ್ಟ್' ಎಂಬುದೂ ಒಂದು. ಸಭೆಯಲ್ಲಿ ಅಧ್ಯಕ್ಷರು ಗಂಟೆ ಬಾರಿಸಿ ಭಾಷಣಕಾರರನ್ನು ಕೂರಿಸಿದರೆ ಅವರು ಫ್ಯಾಸಿಸ್ಟರು. ಮುಖ್ಯೋಪಾಧ್ಯಾಯರು ತಡವಾಗಿ ಬಂದವರ ಹೆಸರು ಬರೆದುಕೊಂಡರೆ ಅವರೂ ಫ್ಯಾಸಿಸ್ಟರು. ಹೀಗೆ ಕಂಡಕಂಡವರ ಮೇಲೆ ಎರಚಿದ ಶಬ್ದವು, ನಿಜವಾದ ತೋಳವು ಹಟ್ಟಿಯ ಬಾಗಿಲಿಗೆ ಬಂದ ದಿನ ಯಾರನ್ನೂ ಎಚ್ಚರಿಸಲಾರದು. ಆದುದರಿಂದ ಶಬ್ದದ ಹುಟ್ಟನ್ನೇ ಮೊದಲು ನೋಡುವುದು ಲೇಸೆಂದು ನಮಗೆ ತೋರುತ್ತದೆ.

ಇಟಲಿಯ ಭಾಷೆಯಲ್ಲಿ 'ಫಾಶೋ' ಎಂದರೆ ಕಟ್ಟು, ಹೊರೆ. ಪ್ರಾಚೀನ ರೋಮಿನಲ್ಲಿ ಅಧಿಕಾರಿಯ ಮುಂದೆ ಸೇವಕರು ಬೆತ್ತಗಳ ಕಟ್ಟನ್ನು ಹೊತ್ತು ನಡೆಯುತ್ತಿದ್ದರು. ಬಿಡಿ ಕಡ್ಡಿ ಮುರಿಯುತ್ತದೆ, ಕಟ್ಟು ಮುರಿಯದು ಎಂಬ ನೀತಿಕಥೆಯನ್ನು ನಮ್ಮ ಉಪಾಧ್ಯಾಯ ಬಂಧುಗಳು ಎಷ್ಟು ಸಲ ಮಕ್ಕಳಿಗೆ ಹೇಳಿಲ್ಲ! ಕಥೆ ಸುಳ್ಳಲ್ಲ. ಆದರೆ ರೋಮಿನ ಆ ಕಟ್ಟಿನ ನಡುವೆ ಒಂದು ಕೊಡಲಿಯೂ ಇರುತ್ತಿತ್ತು. ಬೆತ್ತವು ಹೊಡೆಯುವುದಕ್ಕೆ, ಕೊಡಲಿಯು ತಲೆ ಕಡಿಯುವುದಕ್ಕೆ. ಇನ್ನೂ ಒಂದು ಮಾತುಂಟು, ಅದನ್ನು ವಾಚಕರು ಗಮನಿಸಬೇಕು. ರೋಮು ಗಣರಾಜ್ಯವಾಗಿದ್ದ ಕಾಲದಲ್ಲಿ ಅಧಿಕಾರಿಯು ನಗರದ ಎಲ್ಲೆಯೊಳಗೆ ಕಾಲಿಡುವಾಗ ಆ ಕೊಡಲಿಯನ್ನು ಕಟ್ಟಿನಿಂದ ತೆಗೆದಿಡಬೇಕಾಗಿತ್ತು; ಏತಕ್ಕೆಂದರೆ ಅಲ್ಲಿ ಮರಣದಂಡನೆಗೆ ಒಳಗಾದ ಪೌರನಿಗೆ ಜನರ ಮುಂದೆ ಮೊರೆಯಿಡುವ ಹಕ್ಕಿತ್ತು. ಎರಡು ಸಾವಿರ ವರ್ಷಗಳ ತರುವಾಯ ಮುಸೊಲಿನಿಯು ಆ ಕಟ್ಟನ್ನು ತನ್ನ ಪಕ್ಷದ ಲಾಂಛನವಾಗಿ ಎತ್ತಿಕೊಂಡಾಗ ಕೊಡಲಿಯನ್ನು ತೆಗೆಯಲಿಲ್ಲ. ಒಗ್ಗಟ್ಟನ್ನು ಬಯಸುವವರೆಲ್ಲ ಫ್ಯಾಸಿಸ್ಟರಲ್ಲ. ಮೊರೆಯಿಡುವ ಹಕ್ಕನ್ನು ಅಳಿಸಿ, ಊರಿನೊಳಕ್ಕೆ ಕೊಡಲಿಯನ್ನು ತರುವವರೇ ಫ್ಯಾಸಿಸ್ಟರು.

ಇದು ದೂರದೇಶದ ಸುದ್ದಿ, ನಮಗೇನೆಂದು ಕೇಳುವವರು ಒಮ್ಮೆ ಯಶವಂತಪುರದ ರೈಲುನಿಲ್ದಾಣದಲ್ಲಿಳಿದು ಮಲ್ಲೇಶ್ವರದ ದಿಕ್ಕಿಗೆ ನಡೆಯಬೇಕು. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ಸಾಲು ಕಾಣುತ್ತದೆ. ಹಳಬರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. 1909ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಗೆ ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟಿತ್ತು. ಆ ನೆಲಕ್ಕೆ 1935ರಲ್ಲಿ ಒಬ್ಬ ಜರ್ಮನ್ ಪ್ರಾಧ್ಯಾಪಕರು ಪತ್ನಿಯೊಡನೆ ಬಂದಿಳಿದರು. ಅವರ ಹೆಸರು ಮ್ಯಾಕ್ಸ್ ಬಾರ್ನ್. ಪರಮಾಣುವಿನ ಹೊಸ ಭೌತಶಾಸ್ತ್ರವನ್ನು ಕಟ್ಟಿದ ನಾಲ್ಕಾರು ಮಂದಿಯಲ್ಲಿ ಒಬ್ಬರು. 1954ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಇಂಥವರು ಆರು ತಿಂಗಳ ಮಟ್ಟಿಗೆ ಬೆಂಗಳೂರಿಗೆ ಬಂದುದೇಕೆ? ತಮ್ಮ ದೇಶದಲ್ಲಿ ಅವರಿಗೆ ಪಾಠ ಹೇಳುವ ಅಧಿಕಾರವಿರಲಿಲ್ಲವಾಗಿ ಬಂದರು.

ಆ ಅಧಿಕಾರ ಹೋದ ಬಗೆಯು ನಮ್ಮ ವಾಚಕರಲ್ಲಿ ಹೆಚ್ಚಿನವರಾದ ಉಪಾಧ್ಯಾಯರಿಗೆ ತಿಳಿದಿರಲೇಬೇಕಾದ ಸಂಗತಿ. 1933ರ ಜನವರಿ 30ರಂದು ಹಿಟ್ಲರನು ಜರ್ಮನಿಯ ಪ್ರಧಾನಿಯಾದನು. ಯಾವ ಕೋಟೆಯನ್ನೂ ಮುತ್ತಿ ಗೆದ್ದಲ್ಲ, ರಾಷ್ಟ್ರಾಧ್ಯಕ್ಷರ ಸಹಿಯಿಂದ. ಫೆಬ್ರವರಿ 27ರ ರಾತ್ರಿ ಸಂಸತ್ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹೊರಟ ಒಂದು ಆಜ್ಞೆಯಿಂದ ಮಾತಿನ, ಮುದ್ರಣದ, ಸಭೆಯ ಸ್ವಾತಂತ್ರ್ಯಗಳು ಅಮಾನತ್ತಿನಲ್ಲಿಟ್ಟವು. ಮಾರ್ಚ್ 5ರ ಚುನಾವಣೆಯಲ್ಲಿ, ಅಷ್ಟೆಲ್ಲ ಅಬ್ಬರ ಮಾಡಿಯೂ, ಅವನ ಪಕ್ಷಕ್ಕೆ ನೂರಕ್ಕೆ 44ರಷ್ಟು ಮತ ಕೂಡ ಪೂರ್ತಿ ಬರಲಿಲ್ಲ. ಆದರೂ ಮಾರ್ಚ್ 23ರಂದು ಸಂಸತ್ತು 444ಕ್ಕೆ 94 ಮತಗಳಿಂದ ಶಾಸನ ಮಾಡುವ ತನ್ನ ಅಧಿಕಾರವನ್ನು ತಾನೇ ಅವನ ಮಂತ್ರಿಮಂಡಲದ ಕೈಗಿತ್ತಿತು. ಕಮ್ಯೂನಿಸ್ಟ್ ಸದಸ್ಯರನ್ನು ಆ ದಿನ ಸಭೆಗೆ ಬರಗೊಡಿಸಿರಲೇ ಇಲ್ಲ. ಬೇಡವೆಂದು ಮತ ಕೊಟ್ಟವರು ಸಮಾಜಸತ್ತಾವಾದಿಗಳು ಮಾತ್ರ. ಎಲ್ಲವೂ ಕಾಗದದ ಮೇಲೆ ಕ್ರಮವಾಗಿಯೇ ನಡೆಯಿತು.

ಇಷ್ಟಾದ ಮೇಲೆ ಅವರ ಕೈ ಬಹು ಬೇಗನೆ ಯಾರ ಮೇಲೆ ಬಿತ್ತು? ಸಿರಿವಂತರ ಮೇಲಲ್ಲ, ಸೇನಾಪತಿಗಳ ಮೇಲಲ್ಲ. ಏಪ್ರಿಲ್ 7ರ ಶಾಸನವು ಸರಕಾರಿ ನೌಕರರನ್ನು ಕುರಿತದ್ದು. ಜರ್ಮನಿಯಲ್ಲಿ ಶಾಲಾ ಉಪಾಧ್ಯಾಯರೂ ಪ್ರಾಧ್ಯಾಪಕರೂ ನ್ಯಾಯಾಧೀಶರೂ ಸರಕಾರಿ ನೌಕರರೇ. ಆರ್ಯರಲ್ಲದವರೂ, ಸರಕಾರಕ್ಕೆ ನಂಬಿಕೆಯಿಲ್ಲದವರೂ ಕೆಲಸದಿಂದ ಹೋಗಬೇಕು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದ್ಯರಾಗಿದ್ದರೂ ಮೊಮ್ಮಗನು ಅನಾರ್ಯ! ಶಾಸನದ ಹೆಸರನ್ನು ಕೇಳಿದರೆ ನಗುವುದೋ ಅಳುವುದೋ ತಿಳಿಯದು: 'ವೃತ್ತಿಪರ ಸರಕಾರಿ ನೌಕರವರ್ಗದ ಪುನಃಸ್ಥಾಪನೆಯ ಶಾಸನ'. ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ವಿದ್ವಾಂಸರಾಗಿ ಜಗತ್ಪ್ರಸಿದ್ಧರಾಗಿದ್ದ ಬಾರ್ನರು ಏಪ್ರಿಲ್ ತಿಂಗಳ ಕೊನೆಯಲ್ಲಿ ತಾವು ಕೆಲಸದಿಂದ ದೂರವಾದ ಸುದ್ದಿಯನ್ನು ವರ್ತಮಾನಪತ್ರದ ಪಟ್ಟಿಯಲ್ಲಿ ಓದಿ ತಿಳಿದರು.

ಅವರ ಮಿತ್ರರೂ ನೆರೆಕೋಣೆಯ ಪ್ರಾಧ್ಯಾಪಕರೂ ಆದ ಜೇಮ್ಸ್ ಫ್ರಾಂಕ್ ಎಂಬವರಿಗೆ ಈ ಶಾಸನ ತಟ್ಟುವಂತಿರಲಿಲ್ಲ. ಅವರೂ ಯಹೂದ್ಯರೇ; ಆದರೆ ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಗಾಗಿ ಕಾದಿದವರೆಂದು ವಿನಾಯಿತಿಯಿತ್ತು. ನನ್ನ ಬಂಧುಗಳಿಗಿಲ್ಲದ ವಿನಾಯಿತಿ ನನಗೇಕೆಂದು ಅವರು ಏಪ್ರಿಲ್ 17ರಂದು ತಾವಾಗಿಯೇ ರಾಜೀನಾಮೆ ಕೊಟ್ಟರು. ಆಗ ಸಹೋದ್ಯೋಗಿಗಳು ಏನು ಮಾಡಿದರು? ಅದೇ ವಿಶ್ವವಿದ್ಯಾನಿಲಯದ 42 ಮಂದಿ ಅಧ್ಯಾಪಕರು ಸೇರಿ, ಫ್ರಾಂಕರ ರಾಜೀನಾಮೆಯ ರೀತಿಯು ವಿಧ್ವಂಸಕ ಕೃತ್ಯಕ್ಕೆ ಸಮವೆಂದೂ, ಸರಕಾರವು ಶುದ್ಧೀಕರಣದ ಕೆಲಸವನ್ನು ಬೇಗ ಮುಗಿಸಲೆಂದೂ ಹೇಳಿಕೆ ಹೊರಡಿಸಿದರು. ಅವರ ಕತ್ತಿನ ಮೇಲೆ ಆಗ ಯಾರೂ ಕತ್ತಿಯಿಟ್ಟಿರಲಿಲ್ಲವೆಂಬುದೇ ನಮ್ಮನ್ನು ಕಾಡುವ ಮಾತು. ಇಟಲಿಯಲ್ಲಿಯೂ ಇದೇ ಬಗೆ. 1931ರಲ್ಲಿ ಪ್ರಾಧ್ಯಾಪಕರೆಲ್ಲರೂ ಫ್ಯಾಸಿಸ್ಟ್ ಆಳ್ವಿಕೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಅಪ್ಪಣೆಯಾದಾಗ, 1,200ಕ್ಕೂ ಮಿಕ್ಕಿದ ಪ್ರಾಧ್ಯಾಪಕರಲ್ಲಿ ಒಲ್ಲೆವೆಂದವರು ಹನ್ನೆರಡರ ಆಸುಪಾಸು. ಮಿಕ್ಕವರಿಗೆ ಹೆಂಡತಿ ಮಕ್ಕಳಿದ್ದರು, ಸಂಬಳವಿತ್ತು. ನಮಗೂ ಇವೆ. ಅವರನ್ನು ಹಳಿಯುವ ಮೊದಲು ವಾಚಕರು ತಮ್ಮ ಮನಸ್ಸನ್ನು ಒಂದು ಗಳಿಗೆ ಕೇಳಿಕೊಳ್ಳಲಿ.

ಇನ್ನು ಬೆಂಗಳೂರಿಗೆ ಬರೋಣ. ಬಾರ್ನರನ್ನು ಕರೆಸಿದವರು ಸಂಸ್ಥೆಯ ನಿರ್ದೇಶಕರಾಗಿದ್ದ ಚಂದ್ರಶೇಖರ ವೆಂಕಟರಾಮನ್ನರು. ಅತಿಥಿಯನ್ನು ಇಲ್ಲಿಯೇ ಕಾಯಮ್ಮಾಗಿ ನಿಲ್ಲಿಸಿಕೊಳ್ಳಬೇಕೆಂಬುದು ಅವರ ಹಂಬಲ. ಅದಕ್ಕಾಗಿ ವಿದ್ವತ್ಸಭೆಯ ಮುಂದೆ ಪ್ರಸ್ತಾಪವನ್ನೂ ತಂದರು. ಆ ಸಭೆಯಲ್ಲಿ ಒಬ್ಬ ಆಂಗ್ಲ ಪ್ರಾಧ್ಯಾಪಕರು ಎದ್ದು, ತನ್ನ ದೇಶದವರೇ ಹೊರದೂಡಿದ ಎರಡನೆಯ ದರ್ಜೆಯ ಪರದೇಶಿಯು ಈ ಸಂಸ್ಥೆಗೆ ಸಾಲದೆಂಬ ಅರ್ಥದ ಮಾತನ್ನಾಡಿದರು. ಬಾರ್ನರು ಅಲ್ಲಿಯೇ ಕುಳಿತಿದ್ದರು. ಮನೆಗೆ ಹೋಗಿ ಪತ್ನಿಯ ಮುಂದೆ ಅತ್ತೆನೆಂದು ಆತ್ಮಕಥನದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾನಿಲಯವು ಅವರಿಗೆ ಪೀಠವನ್ನು ಕೊಟ್ಟಿತು. ನಮ್ಮ ಮನೆಗೆ ಬಂದ ಲಕ್ಷ್ಮಿಯನ್ನು ನಾವೇ ಹಿಂದಕ್ಕೆ ಕಳುಹಿದಂತಾಯಿತು.

ಇದನ್ನು ನಾವು ಮುಚ್ಚಿಡುವುದಿಲ್ಲ. ತನ್ನವರಲ್ಲವೆಂದು ಒಬ್ಬನನ್ನು ಹೀಯಾಳಿಸುವ ಬುದ್ಧಿಯು ಬರ್ಲಿನ್ನಿನಲ್ಲಿ ಮಾತ್ರ ಹುಟ್ಟುವುದಲ್ಲ. ಯಶವಂತಪುರದ ಬಳಿಯ ಒಂದು ಕೊಠಡಿಯಲ್ಲಿಯೂ ಹುಟ್ಟುತ್ತದೆ. ಹಾಗಾದರೆ ಎರಡು ಕಡೆಗೂ ಭೇದವೇನು? ಅದೇ ಸಂಸ್ಥೆಯಲ್ಲಿ ಕೂಡಲೆ ನಡೆದ ಇನ್ನೊಂದು ಸಂಗತಿಯು ಈ ಭೇದವನ್ನು ತೋರಿಸುತ್ತದೆ.

ರಾಮನ್ನರು ಪ್ರತಿಭಾಶಾಲಿಗಳು, ಆದರೆ ಆಡಳಿತದಲ್ಲಿ ಒರಟರೆಂದೂ, ಭೌತಶಾಸ್ತ್ರ ವಿಭಾಗವನ್ನು ಬೆಳೆಸುವ ಉತ್ಸಾಹದಲ್ಲಿ ಉಳಿದ ವಿಭಾಗಗಳನ್ನು ಸೊರಗಿಸಿದರೆಂದೂ ಅವರ ಮೇಲೆ ದೂರು ಬಂತು. 1936ರಲ್ಲಿ ಜೇಮ್ಸ್ ಅರ್ವಿನ್ ಎಂಬವರ ಅಧ್ಯಕ್ಷತೆಯಲ್ಲಿ ಪರಾಮರ್ಶೆಯ ಸಮಿತಿ ಕುಳಿತಿತು. ವರದಿಯು ರಾಮನ್ನರಿಗೆ ಅನುಕೂಲವಾಗಿರಲಿಲ್ಲ. 1937ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಟ್ಟರು. ಅದರಲ್ಲಿ ಅವರಿಗೆ ಅನ್ಯಾಯವಾಯಿತೆಂದು ನಂಬುವವರು ಇಂದಿಗೂ ಉಂಟು. ನಮ್ಮ ಒಲವೂ ತುಸು ಆ ಕಡೆಗೇ. ಅದಿರಲಿ. ಪದವಿ ಹೋದ ಮರುದಿನ ರಾಮನ್ನರ ಗತಿಯೇನಾಯಿತು? ಅವರು ಅದೇ ಸಂಸ್ಥೆಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ 1948ರ ವರೆಗೂ ಇದ್ದರು. ಶಿಷ್ಯರು ಅವರನ್ನು ಬಿಟ್ಟೋಡಬೇಕಾಗಲಿಲ್ಲ. ಅವರ ಪುಸ್ತಕಗಳನ್ನು ಯಾರೂ ಬೀದಿಯಲ್ಲಿ ಸುಡಲಿಲ್ಲ. ಅವರು 1934ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಗೆ ಮೈಸೂರು ಸರಕಾರವು ಕೊಟ್ಟಿದ್ದ ನೆಲವು, ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕಡೆಗೆ ಹೋಗುವಾಗ ಸಿಗುವ ಮೇಖ್ರಿ ವೃತ್ತದ ಸಮೀಪದಲ್ಲಿ ಇತ್ತು. ನಿವೃತ್ತರಾದ ಮೇಲೆ ಅಲ್ಲಿಯೇ ತಮ್ಮ ಸಂಸ್ಥೆಯನ್ನು ಕಟ್ಟಿಕೊಂಡು, ಕಡೆಯ ತನಕ ತಮಗೆ ಬೇಕಾದುದನ್ನು ಶೋಧಿಸುತ್ತ, ಬೇಕಾದವರನ್ನು ಬೈಯುತ್ತ ಬಾಳಿದರು.

ಗಾಟಿಂಗೆನ್ನಿನಲ್ಲಿ ಸೋತವನು ಕೆಲಸ, ಮನೆ, ದೇಶಗಳನ್ನು ಕಳೆದುಕೊಂಡನು; ಅಲ್ಲಿಯೇ ಉಳಿದಿದ್ದರೆ ಪ್ರಾಣವನ್ನೂ ಕಳೆದುಕೊಳ್ಳುತ್ತಿದ್ದನು. ಬೆಂಗಳೂರಿನಲ್ಲಿ ಸೋತವನು ಕುರ್ಚಿಯೊಂದನ್ನು ಕಳೆದುಕೊಂಡನು. ಉದಾರ ಪ್ರಜಾಪ್ರಭುತ್ವದ ಬೆಲೆಯು ಇಲ್ಲಿಯೇ ಇದೆಯೆಂಬುದು ನಮ್ಮ ಅಭಿಪ್ರಾಯ. ಗೆದ್ದವರು ಯಾರು, ಎಷ್ಟು ಮತಗಳಿಂದ ಗೆದ್ದರು ಎಂಬುದನ್ನಷ್ಟೇ ನೋಡುವವನು ಅದರ ಅರ್ಧವನ್ನು ಮಾತ್ರ ನೋಡಿದವನು. ಬಹುಮತವು ಹಿಟ್ಲರನ ಸಂಸತ್ತಿನಲ್ಲಿಯೂ ಇತ್ತಲ್ಲವೆ? ಸೋತವನು ಮರುದಿನ ಎದ್ದು ಬೀದಿಗೆ ಬಂದು, ಗೆದ್ದವನು ತಪ್ಪು ಮಾಡಿದನೆಂದು ಕೂಗಿ ಹೇಳಿ, ಸಂಜೆಗೆ ಮನೆಗೆ ಹೋಗಿ ಉಣ್ಣಬಲ್ಲನೇ ಎಂದು ಕೇಳಬೇಕು.

ಬಾರ್ನರ ಸೋದರಳಿಯ ಓಟೋ ಕೋನಿಗ್ಸ್‌ಬರ್ಗರನದೂ ಇದೇ ಕಥೆ. 1933ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಕಳೆದುಕೊಂಡ ಈ ವಾಸ್ತುಶಿಲ್ಪಿಯನ್ನು 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರು ಮೈಸೂರಿಗೆ ಕರೆದುಕೊಂಡರು. ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಆತನು ಯೋಜಿಸಿದ ಕಟ್ಟಡಗಳಿವೆ. ಅನಾರ್ಯನೆಂದು ಅವರು ಎಸೆದ ಕಲ್ಲು ನಮ್ಮ ಗೋಡೆಗೆ ಬಂದಿತು.

ಹಾಗೆಂದು ಅಂದಿನ ಮೈಸೂರು ಪ್ರಜಾಪ್ರಭುತ್ವವಾಗಿತ್ತೆಂದು ನಾವು ಹೇಳಿದರೆ ವಾಚಕರು ನಮ್ಮನ್ನು ನಂಬಬಾರದು. ಪ್ರಜಾಪ್ರತಿನಿಧಿ ಸಭೆಯು 1881ರಿಂದ ಇದ್ದರೂ ಅದರ ಮಾತು ದಿವಾನರನ್ನು ಕಟ್ಟಿಹಾಕುತ್ತಿರಲಿಲ್ಲ. ಯಲಹಂಕವನ್ನು ದಾಟಿ ದೊಡ್ಡಬಳ್ಳಾಪುರದ ಮೇಲೆ ಉತ್ತರಕ್ಕೆ ಹೋಗುವ ಅದೇ ರೈಲುದಾರಿಯಲ್ಲಿ, ಗೌರಿಬಿದನೂರಿನ ಆಚೆ, ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜವನ್ನೆತ್ತಲು ನೆರೆದ ಜನರ ಮೇಲೆ ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಮೇಲ್ಪಟ್ಟು ಸತ್ತರೆಂಬುದು ಜನರ ಲೆಕ್ಕ. ಪ್ರಾಧ್ಯಾಪಕರಿಗಿದ್ದ ಮೊರೆಯ ಹಕ್ಕು ಅಲ್ಲಿಯ ರೈತನಿಗಿರಲಿಲ್ಲ. ಅದನ್ನು ಎಲ್ಲರಿಗೂ ಹಂಚಲೆಂದೇ ಜವಾಬುದಾರಿ ಸರಕಾರದ ಹೋರಾಟ ನಡೆದು, 1947ರ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯರೆಡ್ಡಿಯವರ ಮಂತ್ರಿಮಂಡಲ ಬಂತು.

ಇನ್ನೂ ಒಂದು ಕಹಿಯಾದ ಮಾತನ್ನು ಹೇಳಬೇಕಾಗಿದೆ. ಆ ವರ್ಷಗಳಲ್ಲಿ ಮುಸೊಲಿನಿಯನ್ನೂ ಹಿಟ್ಲರನನ್ನೂ ಮೆಚ್ಚಿದವರು ನಮ್ಮ ದೇಶದ ವಿದ್ಯಾವಂತರಲ್ಲಿಯೂ ಇದ್ದರು. ಇಂಗ್ಲೀಷರ ವೈರಿಯು ನಮ್ಮ ಮಿತ್ರನೆಂಬುದು ಒಂದು ಲೆಕ್ಕ. ಶಿಸ್ತು, ಸಮವಸ್ತ್ರ, ವೇಳೆಗೆ ಸರಿಯಾಗಿ ಬರುವ ರೈಲು ಎಂಬುದು ಇನ್ನೊಂದು. ನಮ್ಮ ರೈಲುಗಳನ್ನು ಬಲ್ಲವರಿಗೆ ಈ ಕೊನೆಯ ಆಸೆ ಅರ್ಥವಾಗದೆ ಇರದು! ಆದರೆ ಆ ಶಿಸ್ತಿನ ಫಲವನ್ನು ಬೆಂಗಳೂರು 1941ರಿಂದ ಕಣ್ಣಾರೆ ಕಂಡಿತು. ಉತ್ತರ ಆಫ್ರಿಕೆಯಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಸಾವಿರಗಟ್ಟಲೆಯಾಗಿ ಇಲ್ಲಿಯ ಶಿಬಿರಗಳಿಗೆ ತಂದಿಟ್ಟರು. ಹೊಸ ರೋಮನ್ ಸಾಮ್ರಾಜ್ಯವನ್ನು ಕಟ್ಟಿಕೊಡುತ್ತೇನೆಂದು ನಾಯಕನು ಮಾತು ಕೊಟ್ಟಿದ್ದ ರೈತರ ಮಕ್ಕಳು ಮುಳ್ಳುತಂತಿಯ ಹಿಂದೆ ನಿಂತು ಮೈಸೂರು ಸೀಮೆಯ ಬಿಸಿಲನ್ನು ಎಣಿಸಿದರು. ಅವರಲ್ಲಿ ಯಾರನ್ನಾದರೂ ಯುದ್ಧ ಬೇಕೋ ಬೇಡವೋ ಎಂದು ಯಾವ ಸಭೆಯಲ್ಲಾದರೂ ಕೇಳಿದ್ದರೆ?

ಕನ್ನಡನಾಡಿನ ಅಭಿಮಾನಿಗಳು ಇಲ್ಲಿ ನಮ್ಮನ್ನು ಒಂದು ಪ್ರಶ್ನೆ ಕೇಳಬಹುದು: ನಾಡು ನುಡಿಗಳ ಮೇಲಿನ ಪ್ರೇಮವೂ ಕೊನೆಗೆ ಇದೇ ದಾರಿ ಹಿಡಿಯುವುದಿಲ್ಲವೆ? ಹಿಡಿಯಬಹುದು. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನ್ ಮಾತನಾಡುವ ದಕ್ಷಿಣ ಟಿರೋಲ್ ಸೀಮೆಯು ಇಟಲಿಗೆ ಸೇರಿತು. 1923ರಲ್ಲಿ ಮುಸೊಲಿನಿಯ ಸರಕಾರವು ಅಲ್ಲಿಯ ಶಾಲೆಗಳಲ್ಲಿ ಇಟಲಿಯ ಭಾಷೆಯೊಂದೇ ಇರತಕ್ಕದ್ದೆಂದು ವಿಧಿಸಿತು. ಊರುಗಳ ಹೆಸರುಗಳು ಬದಲಾದವು, ಜರ್ಮನ್ ಉಪಾಧ್ಯಾಯರು ಹೊರಬಿದ್ದರು. ಮಕ್ಕಳಿಗೆ ತಾಯ್ನುಡಿಯ ಅಕ್ಷರವನ್ನು ಕಲಿಸುವುದಕ್ಕೆ ತರುಣಿಯರು ರಹಸ್ಯವಾಗಿ ಮನೆಗಳ ಮೂಲೆಗಳಲ್ಲಿ, ನೆಲಮಾಳಿಗೆಗಳಲ್ಲಿ ಶಾಲೆ ನಡೆಸಿದರು. ಸಿಕ್ಕಿಬಿದ್ದವರು ಸೆರೆಮನೆ ಕಂಡರು.

ಇದರ ಪಕ್ಕದಲ್ಲಿ ಕಾಸರಗೋಡನ್ನು ಇಟ್ಟು ನೋಡಿರಿ. 1956ರ ನವೆಂಬರ್ 1ರಂದು ನಾಡು ಒಂದಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿಯ ಉತ್ತರಭಾಗವು ಇತ್ತ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದರೂ ಅದು ಆಗಲಿಲ್ಲ. ಅಲ್ಲಿ ಸೋತವರು ನಾವು. ಆ ನೋವು ನಮಗೆ ಮಾಸಿಲ್ಲ. ಆದರೂ ಕಾಸರಗೋಡಿನಲ್ಲಿ ಕನ್ನಡ ಉಪಾಧ್ಯಾಯನು ನೆಲಮಾಳಿಗೆಯಲ್ಲಿ ಪಾಠ ಹೇಳುತ್ತಿಲ್ಲ. ಕನ್ನಡ ಶಾಲೆಗಳಿವೆ, ಭಾಷಾ ಅಲ್ಪಸಂಖ್ಯಾತರಿಗೆ ಪ್ರಾಥಮಿಕ ಶಿಕ್ಷಣವು ತಾಯ್ನುಡಿಯಲ್ಲಿ ದೊರೆಯುವಂತೆ ಮಾಡಬೇಕೆಂದು ಸಂವಿಧಾನದ 350-ಎ ವಿಧಿಯು ರಾಜ್ಯಗಳಿಗೆ ಹೇಳುತ್ತದೆ, ಅದು ತಪ್ಪಿದಾಗ ಮೆರವಣಿಗೆ ಹೊರಡುತ್ತದೆ, ನ್ಯಾಯಾಲಯಕ್ಕೆ ಅರ್ಜಿ ಬೀಳುತ್ತದೆ. ಕಾಸರಗೋಡಿನಲ್ಲಿ ನಾವು ಬೇಡುವ ಈ ಹಕ್ಕನ್ನು ನಮ್ಮ ನಾಡಿನಲ್ಲಿರುವ ಅನ್ಯಭಾಷಿಕನಿಗೆ ಕೊಡದೆ ಇರಲು ನಮಗೆ ಬಾಯಿಯಿದೆಯೇ? ಹಳೆಯ ಮೈಸೂರಿನಲ್ಲಿ ಏಕೀಕರಣವನ್ನು ಬಲವಾಗಿ ವಿರೋಧಿಸಿದ ಹಿರಿಯರಿದ್ದರು. ಏಕೀಕರಣವಾದ ಮೇಲೆ ಅವರನ್ನು ಯಾರೂ ದೇಶದ್ರೋಹಿಗಳೆಂದು ಸೆರೆಗೆ ಹಾಕಲಿಲ್ಲ; ಅವರ ಮನಸ್ಸಿಗಾಗಿಯೇ ಎಂಬಂತೆ ರಾಜ್ಯಕ್ಕೆ ಮೈಸೂರೆಂಬ ಹೆಸರು 1973ರ ವರೆಗೂ ಉಳಿಯಿತು.

ನಮ್ಮಲ್ಲಿಯೂ ಮೊರೆಯ ಬಾಗಿಲು ಮುಚ್ಚಿದ ಕಾಲವೊಂದಿತ್ತು. 1975ರ ಜೂನ್ 26ರಂದು, ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಹಿಡಿದು ಇಲ್ಲಿಯ ಕೇಂದ್ರ ಕಾರಾಗೃಹದಲ್ಲಿಟ್ಟರು. ನಟಿ ಸ್ನೇಹಲತಾ ರೆಡ್ಡಿಯವರು ಅದೇ ಕಾರಾಗೃಹದಲ್ಲಿ ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತುರ್ತು ಪರಿಸ್ಥಿತಿಯನ್ನು ಫ್ಯಾಸಿಸಂ ಎಂದು ಕರೆದರೆ ನಾವು ಮೊದಲಲ್ಲಿ ಹಳಿದ ತಪ್ಪನ್ನೇ ಮಾಡಿದಂತಾದೀತು. ಚುನಾವಣೆಗಳು ನಡೆದವು, ಅಧಿಕಾರದಲ್ಲಿದ್ದವರು ಸೋತು ಇಳಿದರು. ಆದರೆ ಕೊಡಲಿಯು ಊರೊಳಗೆ ಬಂದಿತ್ತೆಂಬುದು ಸುಳ್ಳಲ್ಲ. ಬಂಧಿತರ ಅರ್ಜಿಗಳನ್ನು ವಿಚಾರಿಸಬಹುದೆಂದ ಉಚ್ಚ ನ್ಯಾಯಾಲಯಗಳಲ್ಲಿ ಕರ್ನಾಟಕದ್ದೂ ಒಂದು. ಇಲ್ಲಿಯ ನ್ಯಾಯಮೂರ್ತಿಗಳಾದ ಡಿ. ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರು ಆ ಕಾಲದಲ್ಲಿಯೇ ದೂರದ ರಾಜ್ಯಗಳಿಗೆ ವರ್ಗವಾದರು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ವರಿಗೆ ಒಬ್ಬರಂತೆ, ಅಂಥ ಅರ್ಜಿಗಳು ನಿಲ್ಲವೆಂದು ತೀರ್ಮಾನಿಸಿತು. ಒಲ್ಲೆನೆಂದ ಎಚ್. ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿಯ ಪೀಠ ತಪ್ಪಿತು. ನಾಡಿನವರಾದ ನಾವು ಇದರಲ್ಲಿ ಬೀಗುವಂಥದೇನೂ ಇಲ್ಲ: 1977ರ ಚುನಾವಣೆಯಲ್ಲಿ ಉತ್ತರ ಭಾರತವು ಸರಕಾರವನ್ನು ಕಿತ್ತೊಗೆದಾಗ ಕರ್ನಾಟಕವು 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತ್ತು.

ಖನ್ನಾರವರ ಭಿನ್ನಮತವನ್ನು ಯಾರೂ ಸುಡಲಿಲ್ಲ. ಅದು ವರದಿಯ ಸಂಪುಟದಲ್ಲಿ, ಗೆದ್ದ ನಾಲ್ವರ ಮಾತಿನ ಜೊತೆಯಲ್ಲಿಯೇ ಅಚ್ಚಾಗಿ ಉಳಿಯಿತು. 1978ರ 44ನೆಯ ತಿದ್ದುಪಡಿಯು ಜೀವದ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತ್ತು ಮಾಡದಂತೆ ಕಟ್ಟುಮಾಡಿತು. ತರುವಾಯ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಮುಪ್ಪಿನಲ್ಲಿ ಆಧಾರ್ ವಿಷಯವಾಗಿ ಒಂದು ಅರ್ಜಿ ಹಾಕಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 1976ರ ತೀರ್ಪನ್ನು ತಪ್ಪೆಂದು ತೆಗೆದುಹಾಕಿತು. ಆ ನಾಲ್ವರಲ್ಲಿ ಒಬ್ಬರಾಗಿದ್ದ ವೈ. ವಿ. ಚಂದ್ರಚೂಡರ ಮಗನೇ ಈ ಮಾತನ್ನು ಬರೆದ ನ್ಯಾಯಮೂರ್ತಿ. ನಲವತ್ತೊಂದು ವರ್ಷ ಹಿಡಿಯಿತು. ತಡವೆಂದು ನಾವು ದೂರುವುದೂ ಸರಿಯೇ.

ಗಾಟಿಂಗೆನ್ ಪಟ್ಟಣವು 1953ರಲ್ಲಿ ಬಾರ್ನರನ್ನೂ ಫ್ರಾಂಕರನ್ನೂ ಕರೆದು ಗೌರವ ಪೌರತ್ವವನ್ನು ಕೊಟ್ಟಿತು. ಬಾರ್ನರು 1970ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ರಾಮನ್ನರು ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಲ್ಲಿ. ಅವರ ದಹನವು ಮೇಖ್ರಿ ವೃತ್ತದ ಬಳಿಯ ಅವರ ಸಂಸ್ಥೆಯ ತೋಟದಲ್ಲಿಯೇ ಆಯಿತು. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಉಪಾಧ್ಯಾಯ ಬಂಧುಗಳು ಮಕ್ಕಳನ್ನು ಈ ಎರಡು ಸಂಸ್ಥೆಗಳನ್ನು ನೋಡಲು ಕರೆದೊಯ್ಯುವುದುಂಟು. ಹಾಗೆ ಹೋದಾಗ ರಾಮನ್ನರ ಬೆಳಕಿನ ವಿಷಯದ ಜೊತೆಗೆ ಬಾರ್ನರ ವಿಷಯವನ್ನೂ, ಸಹಿ ಹಾಕಿದ ಆ 42 ಮಂದಿಯ ವಿಷಯವನ್ನೂ ಹೇಳಬೇಕೆಂದು ನಮ್ಮ ಕೋರಿಕೆ.